ಕಡಿಯುತ್ತಿರುವುದು ಎಲ್ಲಿ? ಕಲ್ಲುಮನೆಗಳ ಸೀಮೆಯಲ್ಲಿ ಲ್ಯಾಪ್‌ಟಾಪಿನ ವೈಫೈ ಸರಿಪಡಿಸುವ ಬಗೆ

ಮೀಟಿಂಗಿನ ನಡುವೆ ಎದುರಿಗಿನವರ ಮುಖ ಪರದೆಯ ಮೇಲೆ ಅಲ್ಲಾಡದೆ ನಿಲ್ಲುತ್ತದೆ, ಧ್ವನಿ ತುಂಡು ತುಂಡಾಗುತ್ತದೆ, ಮೂಲೆಯಲ್ಲಿದ್ದ ವೈಫೈ ಗುರುತು ಹೋಗಿ ಗೋಳದ ಚಿಹ್ನೆ ಬಂದು ಕೂರುತ್ತದೆ. ಅರ್ಧ ನಿಮಿಷದಲ್ಲಿ ಎಲ್ಲ ತಾನಾಗಿ ಸರಿಹೋಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕತೆ. ಈ ಕಾಟಕ್ಕೆ ಸಿಕ್ಕವರು ಸಾಮಾನ್ಯವಾಗಿ ಮೊದಲು ಮಾಡುವುದು ದುಡ್ಡು ಸುರಿಯುವ ಕೆಲಸ. ದೊಡ್ಡ ಪ್ಲಾನ್ ಹಾಕಿಸುತ್ತಾರೆ, ಹೊಸ ರೌಟರ್ ತರುತ್ತಾರೆ, ಕೊನೆಗೆ ಲ್ಯಾಪ್‌ಟಾಪನ್ನೇ ಬದಲಿಸುವ ಯೋಚನೆ ಮಾಡುತ್ತಾರೆ. ನನ್ನ ಸಲಹೆ ಒಂದೇ: ಎಲ್ಲಿ ಕಡಿಯುತ್ತಿದೆ ಎಂದು ಗೊತ್ತಾಗುವ ತನಕ ಒಂದು ರೂಪಾಯಿಯನ್ನೂ ಬಿಚ್ಚಬೇಡಿ. ಅದನ್ನು ಕಂಡುಹಿಡಿಯಲು ಬೇಕಾದದ್ದೆಲ್ಲ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರಿಗೆ ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ವೈಫೈ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ತೆಳು ಗೋಡೆಯ ಫ್ಲ್ಯಾಟುಗಳನ್ನೂ ಕರೆಂಟ್ ಹೋಗದ ಊರುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಈ ಸೀಮೆ ಹಾಗಿಲ್ಲ. ಇಲ್ಲಿಯದು ಬಂಡೆಗಳ ನಾಡು. ಭೂವಿಜ್ಞಾನಿಗಳು ಇಲ್ಲಿನ ಕಲ್ಲನ್ನು ಗುರುತಿಸುವುದೇ ರಾಮನಗರದ ಹಳೆಯ ಹೆಸರು ಹಿಡಿದು, ಕ್ಲೋಸ್‌ಪೇಟೆ ಗ್ರಾನೈಟ್ ಎಂದು. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಕಲ್ಲಿನ ಪಟ್ಟಿಯಲ್ಲೇ ರಾಮದೇವರ ಬೆಟ್ಟವೂ ಮಾಗಡಿಯ ಸಾವನದುರ್ಗವೂ ನಿಂತಿರುವುದು. ಹಳ್ಳಿಗಳ ಹಳೆಯ ಮನೆಗಳ ಸೈಜುಗಲ್ಲಿನ ಗೋಡೆ, ಚಪ್ಪಡಿಯ ಮಾಡು, ದನದ ಕೊಟ್ಟಿಗೆಯ ಕಂಬ ಎಲ್ಲವೂ ಅದೇ ಕಲ್ಲು. ಬಿಸಿಲಿಗೂ ಮಳೆಗೂ ಜಗ್ಗದ ಈ ಗೋಡೆಗಳು ರೇಡಿಯೊ ಅಲೆಗಳಿಗೂ ಜಗ್ಗುವುದಿಲ್ಲ. ಅದರ ಮೇಲೆ ಬೋರ್‌ವೆಲ್ ಮೋಟರು, ರೇಷ್ಮೆ ನೂಲು ಬಿಚ್ಚುವ ರೀಲಿಂಗ್ ಘಟಕ, ಬೊಂಬೆ ಕಡೆಯುವ ಲೇತ್ ಇವೆಲ್ಲ ಒಂದೇ ಟ್ರಾನ್ಸ್‌ಫಾರ್ಮರಿನಿಂದ ಕರೆಂಟ್ ಎಳೆಯುವಾಗ ವೋಲ್ಟೇಜ್ ಏರಿಳಿಯುತ್ತದೆ. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವಾಯಿತು. ಗೋಡೆಯೂ ಕರೆಂಟೂ ಮೊದಲಿನಂತೆಯೇ ಇವೆ.

ಮತ್ತು ಈಗ ಇಲ್ಲಿ ನೆಟ್ ಬೇಕಾದವರು ಮಕ್ಕಳಷ್ಟೇ ಅಲ್ಲ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಬಂದವರಲ್ಲಿ ಕೆಲವರು ಈಗಲೂ ವಾರದ ಕೆಲವು ದಿನ ಊರಿನಿಂದಲೇ ಕಂಪನಿ ಕೆಲಸ ಮಾಡುತ್ತಾರೆ. ಚನ್ನಪಟ್ಟಣದ ಬೊಂಬೆ ಮಾರುವವರು ಗಿರಾಕಿಗೆ ವಿಡಿಯೊ ಕರೆಯಲ್ಲೇ ಮಾಲು ತೋರಿಸುತ್ತಾರೆ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜು ಬಂದ ಮೇಲೆ ರೀಲರುಗಳು ಬಿಡ್ ಹಾಕುವುದೂ ಮೊಬೈಲಿನಲ್ಲೇ. ಒಂದು ನಿಮಿಷ ನೆಟ್ ಹೋದರೆ ಒಂದು ವ್ಯಾಪಾರ ಹೋದಂತೆ.

ಎರಡು ಕಪ್ಪು ಕಿಟಕಿಗಳು

ನಿಮ್ಮ ಲ್ಯಾಪ್‌ಟಾಪಿನಿಂದ ಹೊರಟ ಮಾತು ಎರಡು ಹಾದಿ ದಾಟಬೇಕು. ಒಂದು, ಲ್ಯಾಪ್‌ಟಾಪಿನಿಂದ ರೌಟರಿನವರೆಗೆ ಗಾಳಿಯಲ್ಲಿ. ಇನ್ನೊಂದು, ರೌಟರಿನಿಂದ ಹೊರಗೆ, ಕಂಬದ ಮೇಲಿನ ಫೈಬರ್ ಹಿಡಿದೋ ಟವರ್ ಹಿಡಿದೋ ಕಂಪನಿಯವರೆಗೆ. ಮೊದಲನೆಯದರಲ್ಲಿ ಕಡಿದರೆ ಅದು ನಿಮ್ಮ ಮನೆಯೊಳಗಿನ ವಿಷಯ, ಎರಡನೆಯದರಲ್ಲಿ ಕಡಿದರೆ ಕೇಬಲ್‌ನವರ ವಿಷಯ. ಇವೆರಡನ್ನು ಬೇರೆ ಮಾಡಿ ನೋಡುವುದೇ ಇಡೀ ರಿಪೇರಿಯ ಮುಕ್ಕಾಲು ಪಾಲು.

ವಿಂಡೋಸ್ ಗುಂಡಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಸಿಎಂಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿಯೊಂದು ತೆರೆಯುತ್ತದೆ. ಇಲ್ಲಿಂದ ಮುಂದೆ ಹೇಳುವ ಆಜ್ಞೆಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಮೊದಲು ಐಪಿಕಾನ್ಫಿಗ್ ಎಂದು ಹಾಕಿ. ಬರುವ ಸಾಲುಗಳಲ್ಲಿ ವೈಫೈ ತಲೆಬರಹದ ಕೆಳಗೆ ಡೀಫಾಲ್ಟ್ ಗೇಟ್‌ವೇ ಎಂಬುದರ ಮುಂದೆ ಒಂದು ಸಂಖ್ಯೆ ಇರುತ್ತದೆ, ಹೆಚ್ಚಿನ ಮನೆಗಳಲ್ಲಿ 192.168.1.1 ಅಥವಾ 192.168.0.1. ಅದು ನಿಮ್ಮ ರೌಟರಿನ ವಿಳಾಸ. ಈಗ ಪಿಂಗ್ ಎಂದು ಬರೆದು, ಜಾಗ ಬಿಟ್ಟು ಆ ಸಂಖ್ಯೆ ಹಾಕಿ, ಮತ್ತೆ ಜಾಗ ಬಿಟ್ಟು ಅಡ್ಡಗೆರೆ ಮತ್ತು ಟಿ ಅಕ್ಷರ ಸೇರಿಸಿ ಎಂಟರ್ ಒತ್ತಿ. ಇನ್ನೊಂದು ಕಪ್ಪು ಕಿಟಕಿ ತೆರೆದು ಅದರಲ್ಲಿ ಇದೇ ಆಜ್ಞೆಯನ್ನು 8.8.8.8 ಎಂಬ ವಿಳಾಸಕ್ಕೆ ಕೊಡಿ. ಇದು ಗೂಗಲ್‌ನ ಸಾರ್ವಜನಿಕ ಸರ್ವರ್. ಎರಡೂ ಕಿಟಕಿಗಳಲ್ಲಿ ಸೆಕೆಂಡಿಗೊಂದು ಸಾಲು ಓಡತೊಡಗುತ್ತದೆ. ಪಕ್ಕಪಕ್ಕ ಇಟ್ಟುಕೊಂಡು ನಿಮ್ಮ ಕೆಲಸ ಮುಂದುವರಿಸಿ, ಮುಂದಿನ ಸಲ ಕಟ್ ಆಗುವವರೆಗೆ ಕಾಯಿರಿ.

ಕಟ್ ಆದ ಕ್ಷಣದಲ್ಲಿ ಎರಡೂ ಕಿಟಕಿಗಳನ್ನು ನೋಡಿ. ರೌಟರಿನ ಕಿಟಕಿ ಸಲೀಸಾಗಿ ಓಡುತ್ತಿದ್ದು 8.8.8.8ರ ಕಿಟಕಿಯಲ್ಲಿ ಮಾತ್ರ ರಿಕ್ವೆಸ್ಟ್ ಟೈಮ್ಡ್ ಔಟ್ ಎಂದು ಬರುತ್ತಿದ್ದರೆ ನಿಮ್ಮ ಲ್ಯಾಪ್‌ಟಾಪಿಗೂ ವೈಫೈಗೂ ತೊಂದರೆಯಿಲ್ಲ. ರೌಟರಿನಿಂದಾಚೆ ಲೈನ್ ಬಿದ್ದಿದೆ. ಎರಡೂ ಒಟ್ಟಿಗೆ ನಿಂತರೆ ಮನೆಯೊಳಗೇ ಕಡಿದಿದೆ. ಜನರಲ್ ಫೇಲ್ಯೂರ್ ಎಂಬ ಸಾಲು ಬಂದರೆ ಲ್ಯಾಪ್‌ಟಾಪ್ ಆ ಹೊತ್ತಿಗೆ ವೈಫೈಯನ್ನು ಪೂರ್ತಿ ಕೈಬಿಟ್ಟಿದೆ ಎಂದು ತಿಳಿಯಿರಿ. ಎರಡೂ ಕಿಟಕಿ ಚೆನ್ನಾಗಿ ಓಡುತ್ತಿದ್ದೂ ಮೀಟಿಂಗ್ ಬಿದ್ದರೆ ಕಂಪನಿಯ ವಿಪಿಎನ್ ಮೇಲೆ ಅನುಮಾನ ಪಡಬೇಕು, ಅದನ್ನು ಸರಿಮಾಡುವವರು ನಿಮ್ಮ ಆಫೀಸಿನ ಐಟಿ ವಿಭಾಗದವರು. ಪ್ರತಿ ಸಾಲಿನ ಕೊನೆಯ ಸಮಯವನ್ನೂ ಗಮನಿಸಿ. ರೌಟರಿನಿಂದ ಉತ್ತರ ಬರಲು ಒಂದರಿಂದ ಐದು ಮಿಲಿಸೆಕೆಂಡ್ ಸಾಕು. ಅದು ನೂರು, ಇನ್ನೂರಕ್ಕೆ ಜಿಗಿಯುತ್ತಿದ್ದರೆ ಸಿಗ್ನಲ್ ಪರದಾಡುತ್ತಿದೆ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿದರೆ ಓಟ ನಿಂತು ಶೇಕಡಾ ಎಷ್ಟು ಕಳೆದುಹೋಯಿತು ಎಂಬ ಲೆಕ್ಕ ಸಿಗುತ್ತದೆ. ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ಕೇಬಲ್‌ನವರ ಜೊತೆ ಮಾತಾಡುವಾಗ ಬೇಕಾಗುತ್ತದೆ.

ಕಾದು ಕೂರಲು ಪುರುಸೊತ್ತಿಲ್ಲದವರಿಗೆ ವಿಂಡೋಸ್ ಒಂದು ವರದಿಯನ್ನೇ ತಯಾರಿಸಿಕೊಡುತ್ತದೆ. ಸಿಎಂಡಿಯನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ನಾಲ್ಕು ಪದ ಟೈಪ್ ಮಾಡಬೇಕು: ಎನ್‌ಇಟಿಎಸ್‌ಎಚ್, ಡಬ್ಲ್ಯೂಎಲ್‌ಎಎನ್, ಶೋ, ಕೊನೆಗೆ ಡಬ್ಲ್ಯೂಎಲ್‌ಎಎನ್ ಮತ್ತು ರಿಪೋರ್ಟ್ ಎರಡನ್ನೂ ಜೋಡಿಸಿದ ಒಂದೇ ಪದ. ಕಳೆದ ಮೂರು ದಿನಗಳಲ್ಲಿ ವೈಫೈ ಯಾವಾಗ ಸೇರಿತು, ಯಾವಾಗ ಬಿಟ್ಟಿತು, ಯಾವ ಕಾರಣಕ್ಕೆ ಬಿಟ್ಟಿತು ಎಂಬುದು ಗಂಟೆ-ನಿಮಿಷದ ಸಮೇತ ಅದರಲ್ಲಿರುತ್ತದೆ. ಕಡಿದ ಹೊತ್ತುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಆ ಹೊತ್ತಿಗೆ ಮನೆಯಲ್ಲಿ, ಬೀದಿಯಲ್ಲಿ ಏನು ನಡೆಯುತ್ತಿತ್ತು ಎಂದು ನೆನಪಿಸಿಕೊಳ್ಳಿ. ತ್ರೀ ಫೇಸ್ ಕರೆಂಟ್ ಬರುವ ಹೊತ್ತಿಗೇ ಕಡಿಯುತ್ತಿದ್ದರೆ ಉತ್ತರ ಅಲ್ಲಿಯೇ ಸಿಕ್ಕಂತೆ.

ಇನ್ನೊಂದು ಸುಲಭದ ಪರೀಕ್ಷೆ: ಅದೇ ಜಾಗದಲ್ಲಿ, ಅದೇ ವೈಫೈಗೆ ಸೇರಿದ ಫೋನೂ ಅದೇ ಕ್ಷಣಕ್ಕೆ ಕಟ್ ಆಗುತ್ತದೆಯೇ ನೋಡುವುದು. ಫೋನೂ ಕಟ್ ಆದರೆ ಲ್ಯಾಪ್‌ಟಾಪನ್ನು ಬಿಟ್ಟು ರೌಟರನ್ನೋ ಗೋಡೆಯನ್ನೋ ನೋಡಿ. ಫೋನು ಗಟ್ಟಿಯಾಗಿ ನಿಂತು ಲ್ಯಾಪ್‌ಟಾಪ್ ಮಾತ್ರ ಬಿಡುತ್ತಿದ್ದರೆ ಒಳಗೆ ಕೈ ಹಾಕಬೇಕಾಗುತ್ತದೆ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ ನೋಡಬೇಕು, ಇಲ್ಲವಾದರೆ ವೈಫೈ ಹೋದದ್ದು ಗೊತ್ತೇ ಆಗುವುದಿಲ್ಲ.

ಗೋಡೆಯ ಲೆಕ್ಕ

ಮನೆಯೊಳಗೇ ಕಡಿಯುತ್ತಿದೆ ಎಂದು ಗೊತ್ತಾದರೆ ಮೊದಲ ಆರೋಪಿ ಗೋಡೆ. ಹೊರಗಿನ ಫೈಬರ್ ಎಳೆಯಲು ಸುಲಭವೆಂದು ರೌಟರನ್ನು ಜಗಲಿಯ ಬಾಗಿಲ ಮೇಲೋ ಪಡಸಾಲೆಯ ಟಿವಿ ಪಕ್ಕವೋ ಹೊಡೆದು ಹೋಗಿರುತ್ತಾರೆ. ಕೆಲಸ ಮಾಡುವವರು ಗಲಾಟೆ ಬೇಡವೆಂದು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತಾರೆ. ನಡುವೆ ಒಂದೂವರೆ ಅಡಿ ದಪ್ಪದ ಎರಡು ಕಲ್ಲುಗೋಡೆ, ಒಂದು ಕಬ್ಬಿಣದ ಬೀರು.

ಇಂದಿನ ರೌಟರುಗಳು ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿ ಸಿಗ್ನಲ್ ಕೊಡುತ್ತವೆ. 2.4 ಗಿಗಾಹರ್ಟ್ಸ್‌ನ ಅಲೆ ಸುಮಾರು 12 ಸೆಂಟಿಮೀಟರ್ ಉದ್ದ, 5 ಗಿಗಾಹರ್ಟ್ಸ್‌ನದು ಅದರ ಅರ್ಧ. ಉದ್ದದ ಅಲೆ ಗೋಡೆಯನ್ನು ಅಷ್ಟಿಷ್ಟು ದಾಟುತ್ತದೆ, ಆದರೆ ವೇಗ ಕಡಿಮೆ. ಗಿಡ್ಡ ಅಲೆಗೆ ವೇಗ ಹೆಚ್ಚು, ದಪ್ಪ ಕಲ್ಲು ಎದುರಾದರೆ ಸೋಲುತ್ತದೆ. ಈಗಿನ ರೌಟರುಗಳಲ್ಲಿ ಎರಡಕ್ಕೂ ಒಂದೇ ಹೆಸರಿಟ್ಟಿರುವುದು ರೂಢಿ. ಪಡಸಾಲೆಯಲ್ಲಿ ಇದರಿಂದ ತೊಂದರೆಯಿಲ್ಲ. ಕಲ್ಲುಗೋಡೆಯ ಹಿಂದಿನ ಕೋಣೆಯಲ್ಲಿ ಮಾತ್ರ ಲ್ಯಾಪ್‌ಟಾಪ್ 5ಕ್ಕೆ ಹೋಗಿ ಸೋತು 2.4ಕ್ಕೆ ಇಳಿಯುತ್ತದೆ, ಮತ್ತೆ ಆಸೆಪಟ್ಟು 5ಕ್ಕೆ ಹೋಗುತ್ತದೆ, ಪ್ರತಿ ಸಲವೂ ಕೆಲವು ಸೆಕೆಂಡ್ ಸಂಪರ್ಕ ಕಳೆಯುತ್ತದೆ. ನನ್ನ ಪ್ರಕಾರ ಈ ಭಾಗದ ಕಲ್ಲುಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕಾದ ಕಾರಣ ಇದೇ, ಮತ್ತು ಇದನ್ನು ಸರಿಪಡಿಸಲು ಐದು ನಿಮಿಷ ಸಾಕು. ಬ್ರೌಸರಿನಲ್ಲಿ ಆ ಗೇಟ್‌ವೇ ಸಂಖ್ಯೆಯನ್ನು ಹಾಕಿದರೆ ರೌಟರಿನ ಪುಟ ತೆರೆಯುತ್ತದೆ. ಪಾಸ್‌ವರ್ಡ್ ರೌಟರಿನ ಬೆನ್ನಿನ ಚೀಟಿಯಲ್ಲಿರುತ್ತದೆ, ಇಲ್ಲವಾದರೆ ಲೈನ್ ಕೊಟ್ಟವರನ್ನು ಕೇಳಿ. ವೈರ್‌ಲೆಸ್ ವಿಭಾಗದಲ್ಲಿ ಎರಡು ಪಟ್ಟಿಗಳಿಗೆ ಎರಡು ಬೇರೆ ಹೆಸರು ಕೊಡಿ. ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪಿಗೆ 2.4ರ ಹೆಸರನ್ನಷ್ಟೇ ಉಳಿಸಿ, 5ರ ಹೆಸರನ್ನು ಫರ್ಗೆಟ್ ಮಾಡಿ.

ಸಿಗ್ನಲ್ ಎಷ್ಟಿದೆ ಎಂದು ಕಡ್ಡಿಗಳನ್ನು ನೋಡಿ ನಿರ್ಧರಿಸಬೇಡಿ. ಆಗಲೇ ಹೇಳಿದ ಎನ್‌ಇಟಿಎಸ್‌ಎಚ್ ಆಜ್ಞೆಯ ಕೊನೆಯ ಪದದ ಬದಲು ಇಂಟರ್‌ಫೇಸಸ್ ಎಂದು ಹಾಕಿದರೆ ಸಿಗ್ನಲ್ ಶೇಕಡಾವಾರು ಬರುತ್ತದೆ. 80ರ ಮೇಲಿದ್ದರೆ ನೆಮ್ಮದಿ. 60ಕ್ಕಿಂತ ಕೆಳಗಿಳಿದರೆ ವಿಡಿಯೊ ಕರೆಗೆ ಸಂಕಟ ಶುರು. ಈ ಸಂಖ್ಯೆ ಹಿಡಿದುಕೊಂಡು ರೌಟರನ್ನು ಮನೆಯೊಳಗೆ ಬೇರೆ ಬೇರೆ ಕಡೆ ಇಟ್ಟು ನೋಡಿ. ಬಾಗಿಲುಗಳು ಒಂದರ ನೇರಕ್ಕೆ ಒಂದು ಬರುವ ಮನೆಯಾದರೆ ಆ ಸಾಲಿನಲ್ಲೇ, ತಲೆಯ ಎತ್ತರಕ್ಕಿಂತ ಮೇಲೆ ಇಡಿ. ಅಲೆಗಳು ಗೋಡೆ ಸೀಳುವುದಕ್ಕಿಂತ ಬಾಗಿಲಲ್ಲಿ ನುಗ್ಗುವುದೇ ಸುಲಭ. ಬೀರುವಿನ ಹಿಂದೆ, ಅಟ್ಟದ ಮೇಲಿನ ಪಾತ್ರೆಗಳ ನಡುವೆ, ನೀರಿನ ತೊಟ್ಟಿಯ ಪಕ್ಕ, ದೊಡ್ಡ ಕನ್ನಡಿಯ ಎದುರು ಇಡಬೇಡಿ. ಲೋಹವೂ ಕನ್ನಡಿಯ ಬೆನ್ನಿನ ಲೇಪವೂ ಅಲೆಗಳನ್ನು ಹಿಂದಕ್ಕೆ ತಳ್ಳುತ್ತವೆ, ನೀರು ಹೀರಿಕೊಳ್ಳುತ್ತದೆ. ಜಿಂಕ್ ಶೀಟಿನ ಮಾಡಿರುವ ರೇಷ್ಮೆಹುಳು ಸಾಕಣೆ ಮನೆಗೆ ಪಕ್ಕದ ಮನೆಯ ಮಾಳಿಗೆಯಿಂದ ವೈಫೈ ಹಾಯಿಸುವ ಪ್ರಯತ್ನ ಸಾಮಾನ್ಯವಾಗಿ ಫಲಿಸುವುದಿಲ್ಲ.

ಪೇಟೆಯವರ ಸಮಸ್ಯೆ ಬೇರೆ. ರಾಮನಗರದ ಐಜೂರಿನಂಥ ಬಡಾವಣೆಯಲ್ಲಿ, ಚನ್ನಪಟ್ಟಣದ ಒತ್ತೊತ್ತಾದ ಬೀದಿಗಳಲ್ಲಿ ಗೋಡೆಗಿಂತ ಹೆಚ್ಚು ಕಾಡುವುದು ನೆರೆಮನೆಗಳ ವೈಫೈ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ 2005ರಲ್ಲಿ ಲೈಸೆನ್ಸಿನಿಂದ ಮುಕ್ತವಾಯಿತು, ಅಂದಿನಿಂದ ಅದು ಎಲ್ಲರ ಹುಲ್ಲುಗಾವಲು. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು ಮೂರೇ: 1, 6 ಮತ್ತು 11. ಫೋನಿನಲ್ಲಿ ವೈಫೈ ಅನಲೈಸರ್ ಬಗೆಯ ಆ್ಯಪ್ ಹಾಕಿಕೊಂಡರೆ ಅಕ್ಕಪಕ್ಕದವರು ಯಾವುದರಲ್ಲಿದ್ದಾರೆ ಎಂದು ಕಾಣುತ್ತದೆ. ಕಡಿಮೆ ಜನ ಇರುವುದನ್ನು ಆರಿಸಿ, ಚಾನಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. 5 ಗಿಗಾಹರ್ಟ್ಸ್‌ನಲ್ಲಾದರೆ 36ರಿಂದ 48 ಅಥವಾ 149ರಿಂದ 161ರ ನಡುವಿನ ಚಾನಲ್ ಒಳ್ಳೆಯದು. ಇವೆರಡರ ನಡುವಿನ 52ರಿಂದ 144ರವರೆಗಿನ ಚಾನಲ್‌ಗಳಲ್ಲಿ ರಾಡಾರಿನ ಸುಳಿವು ಸಿಕ್ಕರೆ ರೌಟರ್ ಜಾಗ ಬಿಟ್ಟುಕೊಡಬೇಕೆಂಬ ನಿಯಮವಿದೆ; ಅದು ಹಾಗೆ ಜಿಗಿದಾಗಲೆಲ್ಲ ನೀವು ಕಟ್ ಆಗುತ್ತೀರಿ.

ಮೈಕ್ರೋವೇವ್ ಒಲೆಯೂ ಇದೇ 2.4ರ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಇನ್ನು ಹೆಚ್ಚಿನವರಿಗೆ ಗೊತ್ತಿರದ ಒಂದು ವಿಷಯ: ನೀಲಿ ಬಾಯಿಯ ಯುಎಸ್‌ಬಿ 3 ಪೋರ್ಟಿಗೆ ಹಾಕುವ ಹಾರ್ಡ್ ಡಿಸ್ಕ್, ಹಬ್‌ಗಳು 2.4ರ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಬರೆದು ಪ್ರಕಟಿಸಿದೆ. ಬ್ಯಾಕಪ್ ತೆಗೆಯುವಾಗ ಮಾತ್ರ ವೈಫೈ ಬೀಳುತ್ತಿದ್ದರೆ, ವೈರ್‌ಲೆಸ್ ಮೌಸ್ ಕೂಡ ಆಗಲೇ ತಡವರಿಸುತ್ತಿದ್ದರೆ, ಡಿಸ್ಕನ್ನು ಉದ್ದದ ವೈರಿನಿಂದ ದೂರ ಇಟ್ಟು ನೋಡಿ.

ಕರೆಂಟಿನ ಕಿತಾಪತಿ

ವೈಫೈ ಹೆಸರೇ ಪಟ್ಟಿಯಿಂದ ಕಾಣೆಯಾಗಿ ಎರಡು-ಮೂರು ನಿಮಿಷ ಬಿಟ್ಟು ಬರುತ್ತದೆಯೇ? ಆಗ ರೇಡಿಯೊ ಅಲೆಗಳನ್ನು ಬಿಟ್ಟು ಪ್ಲಗ್ ಪಾಯಿಂಟ್ ನೋಡಿ. ರೌಟರ್ ಆರಿ ಹತ್ತಿದೆ. ಫೈಬರ್ ಪೆಟ್ಟಿಗೆ ಒಮ್ಮೆ ಆರಿದರೆ ಮತ್ತೆ ಲೈನ್ ಹಿಡಿಯಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಬಲ್ಬ್ ಒಮ್ಮೆ ಮಿಣುಕಿದ್ದು ನಿಮಗೆ ಗೊತ್ತೇ ಆಗಿರುವುದಿಲ್ಲ, ರೌಟರಿಗೆ ಅಷ್ಟು ಸಾಕು. ಖಚಿತ ಮಾಡಿಕೊಳ್ಳಲು ರೌಟರಿನ ಪುಟದಲ್ಲಿ ಅಪ್‌ಟೈಮ್ ನೋಡಿ. ಯಾರೂ ಸ್ವಿಚ್ ಮುಟ್ಟದಿದ್ದರೂ ಅಲ್ಲಿ ನಲವತ್ತು ನಿಮಿಷ ಎಂದಿದ್ದರೆ ನಲವತ್ತು ನಿಮಿಷದ ಹಿಂದೆ ಅದು ಸತ್ತು ಬದುಕಿದೆ.

ಚನ್ನಪಟ್ಟಣದ ಬೊಂಬೆ ಕೆಲಸದವರ ಕಲಾನಗರದಲ್ಲಿ ಲೇತ್ ಮೋಟರು ಶುರುವಾದಾಗ, ತೋಟದ ಮನೆಯಲ್ಲಿ ಸ್ಟಾರ್ಟರ್ ಒತ್ತಿದಾಗ, ಪಕ್ಕದ ರೀಲಿಂಗ್ ಘಟಕದಲ್ಲಿ ಕೆಲಸ ಹತ್ತಿದಾಗ ಮೋಟರು ಮೊದಲ ಕ್ಷಣಕ್ಕೆ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಒಳ್ಳೆಯ ಅಡಾಪ್ಟರ್ ಇದನ್ನು ತಾಳುತ್ತದೆ. ವರ್ಷಗಟ್ಟಲೆ ಹಗಲುರಾತ್ರಿ ಬಿಸಿಯಾಗಿ ಸೊರಗಿದ ಅಡಾಪ್ಟರ್ ತಾಳುವುದಿಲ್ಲ. ರೌಟರನ್ನು ಬದಲಿಸುವ ಮೊದಲು ಅದರ ಅಡಾಪ್ಟರ್ ಬದಲಿಸಿ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಹಳೆಯದರ ಮೇಲೆ ಔಟ್‌ಪುಟ್ ಎಂದು ಬರೆದಿರುವುದನ್ನು ಅಂಗಡಿಯವರಿಗೆ ತೋರಿಸಿ: ವೋಲ್ಟ್ ಅಷ್ಟೇ ಇರಬೇಕು, ಆಂಪ್ ಅಷ್ಟೇ ಅಥವಾ ಹೆಚ್ಚಿರಬಹುದು, ಪಿನ್ನಿನ ಗಾತ್ರವೂ ಪ್ಲಸ್-ಮೈನಸ್ ಗುರುತೂ ಹೊಂದಬೇಕು. 12 ವೋಲ್ಟಿನದಕ್ಕೆ 9 ವೋಲ್ಟಿನದು ಹಾಕಿದರೆ ದೀಪ ಹತ್ತಬಹುದು, ಆದರೆ ಕೆಲಸದ ಭಾರ ಬಿದ್ದಾಗ ರೌಟರ್ ಮತ್ತೆ ಮತ್ತೆ ಆರುತ್ತದೆ.

ಮನೆಯಲ್ಲಿ ಇನ್ವರ್ಟರ್ ಇದ್ದೂ ಹೀಗಾಗುತ್ತಿದ್ದರೆ ಅದರ ಬೆನ್ನಿಗೋ ಮುಂದಕ್ಕೋ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂಬ ಸ್ವಿಚ್ ಇದೆಯೇ ಹುಡುಕಿ. ನಾರ್ಮಲ್ ಮೋಡಿನಲ್ಲಿ ಫ್ಯಾನು, ದೀಪಕ್ಕೆ ಗೊತ್ತಾಗದ ಆದರೆ ರೌಟರಿಗೆ ಗೊತ್ತಾಗುವಷ್ಟು ಹೊತ್ತು ಕರೆಂಟ್ ತಪ್ಪುತ್ತದೆ. ಯುಪಿಎಸ್ ಮೋಡಿನಲ್ಲಿ ಬದಲಾವಣೆ ತೀರ ಬೇಗ ಆಗುತ್ತದೆ. ಒಂದು ಎಚ್ಚರಿಕೆ: ಯುಪಿಎಸ್ ಮೋಡಿನಲ್ಲಿ ವೋಲ್ಟೇಜ್ ಸ್ವಲ್ಪ ಕುಸಿದರೂ ಇನ್ವರ್ಟರ್ ಬ್ಯಾಟರಿಗೆ ಹಾರುತ್ತದೆ. ಸಂಜೆಯಾದರೆ ವೋಲ್ಟೇಜ್ ಇಳಿಯುವ ಹಳ್ಳಿಯಲ್ಲಿ ಬ್ಯಾಟರಿ ಬೇಗ ಸವೆಯುತ್ತದೆ. ಅಂಥ ಕಡೆ ಇನ್ವರ್ಟರನ್ನು ನಾರ್ಮಲ್‌ನಲ್ಲೇ ಬಿಟ್ಟು ರೌಟರಿಗೊಂದು ಪುಟ್ಟ 12 ವೋಲ್ಟಿನ ಮಿನಿ ಯುಪಿಎಸ್ ಹಾಕುವುದು ಜಾಣತನ. ಕರೆಂಟ್ ಪೂರ್ತಿ ಹೋದಾಗಲೂ ಅದು ಕೆಲವು ಗಂಟೆ ರೌಟರನ್ನು ನಡೆಸುತ್ತದೆ.

ಲ್ಯಾಪ್‌ಟಾಪಿನೊಳಗೆ

ಫೋನು ನಿಂತು ಲ್ಯಾಪ್‌ಟಾಪ್ ಮಾತ್ರ ಬಿಡುತ್ತಿದ್ದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಇತ್ತೀಚೆಗೆ ಅದನ್ನು ಬಿಚ್ಚಿಸಿದ್ದಿರಾ? ವೈಫೈ ಕಾರ್ಡ್ ತಾಯಿಹಲಗೆಯ ಮೇಲಿರುತ್ತದೆ, ಆಂಟೆನಾ ಸಾಮಾನ್ಯವಾಗಿ ಪರದೆಯ ಅಂಚಿನಲ್ಲಿರುತ್ತದೆ. ಎರಡನ್ನೂ ಸೇರಿಸುವುದು ಹಿಂಜಿನೊಳಗೆ ಹಾಯ್ದು ಬರುವ, ಹೆಚ್ಚಾಗಿ ಕಪ್ಪು-ಬಿಳಿ ಬಣ್ಣದ ಎರಡು ಸಣ್ಣ ವೈರು. ರ್‍ಯಾಮ್, ಎಸ್‌ಎಸ್‌ಡಿ ಹಾಕಿಸುವಾಗ, ಪರದೆ ಅಥವಾ ಹಿಂಜು ಬದಲಿಸುವಾಗ ಇವುಗಳ ತುದಿಯ ಗುಂಡಿ ಸಡಿಲಾದರೂ ಸಿಗ್ನಲ್ ಪಾತಾಳಕ್ಕಿಳಿಯುತ್ತದೆ. ರೌಟರಿನ ಪಕ್ಕ ಕೂತರೆ ಸರಿ, ಹತ್ತು ಹೆಜ್ಜೆ ದೂರ ಹೋದರೆ ಇಲ್ಲ. ಪರದೆಯನ್ನು ಹಿಂದೆ-ಮುಂದೆ ಬಾಗಿಸಿದರೆ ಸಿಗ್ನಲ್ ಏರಿಳಿಯುತ್ತದೆ: ಇವೆರಡೂ ಅದರ ಲಕ್ಷಣ. ರಿಪೇರಿ ಅಂಗಡಿಗೆ ಹೋಗಿ ಆಂಟೆನಾ ವೈರ್ ಕೂತಿದೆಯೇ ನೋಡಿ ಎಂದು ಹೇಳಿ. ಕಾರ್ಡ್ ಹೋಗಿದೆ ಎಂದು ಅವರು ಹೇಳುವ ಮೊದಲೇ ಈ ಮಾತು ಹೇಳುವುದು ಒಳ್ಳೆಯದು.

ಬಿಚ್ಚದ ಲ್ಯಾಪ್‌ಟಾಪಿನಲ್ಲಿ ಮಾಮೂಲಿ ತಪ್ಪಿತಸ್ಥ ಕರೆಂಟ್ ಉಳಿಸುವ ಏರ್ಪಾಡು. ಸ್ಟಾರ್ಟ್ ಗುಂಡಿಯ ಮೇಲೆ ಬಲಗಡೆ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ, ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ನಿಮ್ಮ ವೈಫೈ ಕಾರ್ಡಿನ ಹೆಸರಿರುತ್ತದೆ, ಇಂಟೆಲ್, ರಿಯಲ್‌ಟೆಕ್, ಮೀಡಿಯಾಟೆಕ್ ಇವುಗಳಲ್ಲಿ ಒಂದು ಇರಬಹುದು. ಅದನ್ನು ಎರಡು ಸಲ ಒತ್ತಿ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಅರ್ಥದ ಸಾಲಿನ ಟಿಕ್ ತೆಗೆಯಿರಿ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಪುಟವೇ ಇರುವುದಿಲ್ಲ; ಅವುಗಳಲ್ಲಿ ಪವರ್ ಮೋಡನ್ನು ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಟ್ಟು ನೋಡಬೇಕು. ಚಾರ್ಜರ್ ಹಾಕಿದಾಗ ಗಟ್ಟಿ, ಬ್ಯಾಟರಿಯಲ್ಲಿ ಮಾತ್ರ ಕಟ್ ಎಂದಾದರೆ ಇದೇ ರೋಗ.

ವಿಂಡೋಸ್ ಅಪ್‌ಡೇಟ್ ಆದ ಮರುದಿನದಿಂದ ಕಾಟ ಶುರುವಾಗಿದ್ದರೆ ಅಲ್ಲೇ ಡ್ರೈವರ್ ಪುಟದಲ್ಲಿ ರೋಲ್ ಬ್ಯಾಕ್ ಡ್ರೈವರ್ ಒತ್ತಿ ಹಳೆಯದಕ್ಕೆ ಮರಳಿ. ಅದು ಮಸುಕಾಗಿದ್ದರೆ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಸ್ವಂತ ತಾಣದಿಂದ ನಿಮ್ಮ ಮಾಡಲ್ ನಂಬರಿಗೆ ತಕ್ಕ ಡ್ರೈವರನ್ನೇ ಇಳಿಸಿಕೊಳ್ಳಿ. ಎಲ್ಲ ಡ್ರೈವರನ್ನೂ ಒಂದೇ ಏಟಿಗೆ ಅಪ್‌ಡೇಟ್ ಮಾಡುತ್ತೇವೆ ಎನ್ನುವ ಉಚಿತ ಸಾಫ್ಟ್‌ವೇರುಗಳನ್ನು ದಯವಿಟ್ಟು ಹಾಕಬೇಡಿ. ವೈಫೈ ಕಾರ್ಡೇ ಪಟ್ಟಿಯಿಂದ ಮಾಯವಾಗಿದ್ದರೆ ಶಿಫ್ಟ್ ಗುಂಡಿ ಹಿಡಿದುಕೊಂಡು ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಟ್ಟು ಮತ್ತೆ ಆನ್ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ವಾಪಸ್ ಬರುತ್ತದೆ. ನೆಟ್‌ವರ್ಕ್ ರೀಸೆಟ್ ಕೊನೆಯ ಅಸ್ತ್ರ, ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳೆಲ್ಲ ಅದರಿಂದ ಅಳಿಸಿಹೋಗುತ್ತವೆ. ಹಳೆಯ ಲ್ಯಾಪ್‌ಟಾಪ್ ಹೊಸ ರೌಟರಿಗೆ ಸೇರಿ ಸೇರಿ ಬಿಡುತ್ತಿದ್ದರೆ ರೌಟರಿನ ಭದ್ರತೆಯನ್ನು ಡಬ್ಲ್ಯೂಪಿಎ 2 ಮತ್ತು ಎಇಎಸ್‌ಗೆ ಇಡಿ, ಹಳೆಯ ಕಾರ್ಡುಗಳಲ್ಲಿ ಕೆಲವಕ್ಕೆ ಡಬ್ಲ್ಯೂಪಿಎ 3 ಒಗ್ಗುವುದಿಲ್ಲ.

ಫೋನಿನ ಹಾಟ್‌ಸ್ಪಾಟೇ ಗತಿಯಾದವರಿಗೆ

ಕೇಬಲ್ ಬಾರದ ಊರುಗಳಲ್ಲಿ, ಕನಕಪುರದ ಸಂಗಮದ ದಾರಿಯ ಹಳ್ಳಿಗಳಲ್ಲಿ, ಸಾವನದುರ್ಗದ ತಪ್ಪಲಿನಲ್ಲಿ ಲ್ಯಾಪ್‌ಟಾಪಿಗೆ ಫೋನೇ ರೌಟರ್. ಅಂಥವರು ಹಾಟ್‌ಸ್ಪಾಟ್ ಬಿಟ್ಟು ಚಾರ್ಜಿಂಗ್ ವೈರಿನಿಂದ ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಲಿ. ವೈಫೈ ತಂಟೆಯೇ ಇಲ್ಲ, ಫೋನಿನ ಬ್ಯಾಟರಿಯೂ ಇಳಿಯುವುದಿಲ್ಲ. ವೈರು ಡೇಟಾ ಹಾಯಿಸುವಂಥದ್ದಾಗಿರಬೇಕು. ಅಗ್ಗದ ಕೆಲವು ವೈರುಗಳು ಚಾರ್ಜ್ ಮಾತ್ರ ಮಾಡುತ್ತವೆ. ಹಾಟ್‌ಸ್ಪಾಟೇ ಬೇಕೆಂದರೆ ತಾನಾಗಿ ಆಫ್ ಆಗುವ ಆಯ್ಕೆಯನ್ನು ತೆಗೆದುಹಾಕಿ, ಬ್ಯಾಟರಿ ಸೇವರ್ ಆಫ್ ಮಾಡಿ. ಐಫೋನಿನಲ್ಲಿ ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ ಎಂಬುದನ್ನು ಆನ್ ಮಾಡಿದರೆ ಅದು 2.4ಕ್ಕೆ ಇಳಿದು ಗಟ್ಟಿಯಾಗಿ ನಿಲ್ಲುತ್ತದೆ. ಬೆಟ್ಟದ ಮರೆಯ ಊರಿನಲ್ಲಿ ಫೋನು 5ಜಿ, 4ಜಿ ನಡುವೆ ತೂಗಾಡುತ್ತಿದ್ದರೆ ನೆಟ್‌ವರ್ಕ್ ಮೋಡನ್ನು 4ಜಿಗೆ ಕಟ್ಟಿಹಾಕಿ. ವೇಗ ಕಡಿಮೆಯಾದರೂ ಕರೆ ಬೀಳುವುದಿಲ್ಲ. ಮಾಳಿಗೆಯ ಮೇಲೆ ಪೆಟ್ಟಿಗೆ ಕೂರಿಸುವ ಏರ್‌ಫೈಬರ್ ಸಂಪರ್ಕವೂ ಟವರನ್ನೇ ನೆಚ್ಚಿದ್ದು: ಪೆಟ್ಟಿಗೆ ಗಾಳಿಗೆ ತಿರುಗಿದೆಯೇ, ಅದರ ಎದುರಿಗೆ ಹೊಸ ಮಹಡಿಯೋ ಬೆಳೆದ ತೆಂಗೋ ಬಂದಿದೆಯೇ ನೋಡಿ.

ತಂತಿಯ ದಾರಿ

ಇಷ್ಟೆಲ್ಲ ಮಾಡಿಯೂ ಹಿಂದಿನ ಕೋಣೆಗೆ ಸಿಗ್ನಲ್ ಹತ್ತದಿದ್ದರೆ ಗೋಡೆಯ ಜೊತೆ ಜಗಳ ಸಾಕು, ಒಂದು ಲ್ಯಾನ್ ಕೇಬಲ್ ಎಳೆಯಿರಿ. ಕಲ್ಲುಮನೆಗೆ ಇದಕ್ಕಿಂತ ಒಳ್ಳೆಯ ಪರಿಹಾರ ನನಗೆ ಗೊತ್ತಿಲ್ಲ. ಅಂಗಡಿಯಲ್ಲಿ ಮೊದಲು ತೋರಿಸುವುದು ಗೋಡೆಯ ಪ್ಲಗ್ಗಿಗೆ ಚುಚ್ಚುವ ರಿಪೀಟರ್. ಒಂದೇ ರೇಡಿಯೊದಲ್ಲಿ ಕೇಳಿ ಹೇಳುವ ಅಗ್ಗದ ರಿಪೀಟರಿನಲ್ಲಿ ವೇಗ ಅರ್ಧಕ್ಕಿಳಿಯುತ್ತದೆ, ಅದೂ ಸಿಗ್ನಲ್ ಇಲ್ಲದ ಕೋಣೆಯಲ್ಲೇ ಚುಚ್ಚಿದರೆ ಹಂಚಲು ಅದರ ಕೈಯಲ್ಲಿ ಏನೂ ಇರುವುದಿಲ್ಲ.

ಕ್ಯಾಟ್ 6 ಕೇಬಲ್ ಕೇಳಿ, ಪೂರ್ತಿ ತಾಮ್ರದ್ದೇ ಎಂದು ಖಚಿತಪಡಿಸಿಕೊಳ್ಳಿ. ಅಲ್ಯೂಮಿನಿಯಮ್ಮಿಗೆ ತಾಮ್ರ ಲೇಪಿಸಿದ್ದು ಅಗ್ಗ, ಬಾಳಿಕೆ ಕಡಿಮೆ. ನೂರು ಮೀಟರಿನವರೆಗೆ ಒಂದೇ ಎಳೆಯಲ್ಲಿ ಹೋಗಬಹುದು. ಕಲ್ಲು ಕೊರೆಯುವ ಗೋಜು ಬೇಡ, ಕಿಟಕಿಯ ಚೌಕಟ್ಟಿನ ಮರದಲ್ಲಿ ತೂತು ಮಾಡಿ ಸೂರಿನ ಕೆಳಗೆ ಹಾಯಿಸಿದರಾಯಿತು. ಹೊರಗೆ ಬರುವ ಭಾಗಕ್ಕೆ ಬಿಸಿಲು ತಾಳುವ ಕಪ್ಪು ಹೊದಿಕೆಯ ಕೇಬಲ್ ಬೇಕು, ಇಲ್ಲವೇ ಪಿವಿಸಿ ಪೈಪಿನೊಳಗೆ ತೂರಿಸಿ. ಕರೆಂಟಿನ ವೈರಿಗೆ ಅಂಟಿಸಿ ಎಳೆಯಬೇಡಿ. ಗುಡುಗು ಮಳೆಯ ಸಂಜೆಗಳಲ್ಲಿ ಹೊರಗಿನಿಂದ ಬರುವ ತಾಮ್ರದ ಕೇಬಲಿನ ಎರಡೂ ತುದಿಗಳನ್ನು ಕಿತ್ತಿಡುವುದನ್ನು ಮನೆಯವರಿಗೆಲ್ಲ ಕಲಿಸಿಕೊಡಿ. ಮನೆಗೂ ಹುಳು ಮನೆಗೂ ನೂರು ಮೀಟರಿಗಿಂತ ದೂರವಿದ್ದರೆ ಫೈಬರ್ ಎಳೆದು ಎರಡೂ ಕಡೆ ಮೀಡಿಯಾ ಕನ್ವರ್ಟರ್ ಹಾಕಿಸಬೇಕು. ಸಿಡಿಲಿನ ದೃಷ್ಟಿಯಿಂದಲೂ ಅದೇ ಕ್ಷೇಮ.

ಕೇಬಲಿನ ಈ ತುದಿಯನ್ನು ನೇರ ಲ್ಯಾಪ್‌ಟಾಪಿಗೆ ಹಾಕಬಹುದು. ಲ್ಯಾನ್ ಬಾಯಿಯಿಲ್ಲದ ಲ್ಯಾಪ್‌ಟಾಪಿಗೆ ಯುಎಸ್‌ಬಿಯಿಂದ ಲ್ಯಾನಿಗೆ ಬದಲಿಸುವ ಕೊಂಡಿ ಸಿಗುತ್ತದೆ. ಆ ಕೋಣೆಯಲ್ಲಿ ಫೋನಿಗೂ ವೈಫೈ ಬೇಕೆಂದರೆ ಅಟ್ಟ ಸೇರಿದ ಹಳೆಯ ರೌಟರ್ ಕೆಳಗಿಳಿಸಿ. ಅದರಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಅದರ ವಿಳಾಸವನ್ನು 192.168.1.2 ಎಂಬಂತೆ ಬೇರೆ ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ, ಬಂದ ಕೇಬಲನ್ನು ವ್ಯಾನ್ ಬಾಯಿಗೆ ಹಾಕದೆ ಲ್ಯಾನ್ ಬಾಯಿಗೆ ಹಾಕಿ. ಡಿಎಚ್‌ಸಿಪಿ ಆಫ್ ಮಾಡುವುದನ್ನು ಮರೆತರೆ ಎರಡೂ ರೌಟರ್ ಪೈಪೋಟಿಯಲ್ಲಿ ವಿಳಾಸ ಹಂಚಿ ಇಡೀ ಮನೆಯ ನೆಟ್ ಕೆಡುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಮೊದಲಿನ ರೌಟರಿನದೇ ಇರಲಿ, ಚಾನಲ್ ಮಾತ್ರ ಬೇರೆ.

ಕೇಬಲ್‌ನವರ ಜೊತೆ ಮಾತು

ಎರಡನೆಯ ಕಿಟಕಿ ಮಾತ್ರ ನಿಂತಿದ್ದರೆ ಫೈಬರ್ ಪೆಟ್ಟಿಗೆಯ ದೀಪ ನೋಡಿ. ಎಲ್‌ಒಎಸ್ ಎಂಬ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ, ಎಲ್ಲೋ ಫೈಬರ್ ತುಂಡಾಗಿದೆ ಅಥವಾ ಮಡಚಿದೆ. ಕೋತಿ, ಅಳಿಲುಗಳ ಕಾಟ ಇರುವ ಕಡೆ ಇದು ಹೊಸತಲ್ಲ. ದೀಪ ಹಸಿರಿದ್ದೂ ಆಗಾಗ ಕಡಿಯುತ್ತಿದ್ದರೆ ರೌಟರಿನ ಪುಟದಲ್ಲಿ ಆಪ್ಟಿಕಲ್ ಅಥವಾ ಪಾನ್ ಮಾಹಿತಿಯಡಿ ಆರ್‌ಎಕ್ಸ್ ಪವರ್ ಎಂಬ ಸಂಖ್ಯೆ ಹುಡುಕಿ. ಮೈನಸ್ 15ರಿಂದ ಮೈನಸ್ 25ರೊಳಗಿದ್ದರೆ ಆರೋಗ್ಯ. ಮೈನಸ್ 27ರ ಆಸುಪಾಸಿಗೆ ಬಂದಿದ್ದರೆ ಬೆಳಕು ಸೊರಗಿದೆ, ಕಂಬದ ಮೇಲಿನ ಜೋಡಣೆಯಲ್ಲೋ ಮನೆ ಮೂಲೆಯ ಮಡಿಕೆಯಲ್ಲೋ ದೋಷವಿದೆ. ಫೋನ್ ಮಾಡಿ ನೆಟ್ ಬರ್ತಿಲ್ಲ ಎಂದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಸಿಗುತ್ತದೆ. ಅಣ್ಣ, ಆರ್‌ಎಕ್ಸ್ ಮೈನಸ್ 28 ತೋರಿಸ್ತಿದೆ, ಗೇಟ್‌ವೇ ಪಿಂಗ್ ಸರಿಯಿದೆ, ಹೊರಗಿನದು ಹೋಗ್ತಿದೆ ಎಂದು ಹೇಳಿ ನೋಡಿ, ಲೈನ್‌ಮನ್ ಏಣಿ ತೆಗೆದುಕೊಂಡೇ ಬರುತ್ತಾರೆ.

ಬಾರದಿದ್ದರೆ ಕಂಪನಿಯ ದೂರು ಕೇಂದ್ರದಲ್ಲಿ ದೂರು ದಾಖಲಿಸಿ ಡಾಕೆಟ್ ನಂಬರ್ ಪಡೆಯಿರಿ. ವಾಟ್ಸ್‌ಆ್ಯಪಿನಲ್ಲಿ ಲೈನ್‌ಮನ್‌ಗೆ ಕಳಿಸಿದ ಸಂದೇಶ ದೂರು ಎನಿಸಿಕೊಳ್ಳುವುದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಾವಳಿಯ ಪ್ರಕಾರ ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ, ಅವರು 39 ದಿನದೊಳಗೆ ತೀರ್ಮಾನಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಪಿಂಗ್ ಕಿಟಕಿಗಳ ಫೋಟೊ, ಮೂರು ದಿನಗಳ ವೈಫೈ ವರದಿ, ಆರ್‌ಎಕ್ಸ್ ಸಂಖ್ಯೆಯ ಚಿತ್ರ, ಡಾಕೆಟ್ ನಂಬರ್ ಈ ನಾಲ್ಕನ್ನೂ ದೂರಿನ ಜೊತೆಗೇ ಲಗತ್ತಿಸಿ.